ತಣಿಪೆಟ್ಟಿಗೆಯೊಳಗಿನ ಜವಾಬು

ಹಿರೇಬಾವಿ ಪಟ್ಟಣದಲ್ಲಿ ಆರು ವರ್ಷಗಳಿಂದ ಯಾರೂ ಯಾರ ಮನೆಯ ಮೇಲೂ ಒಂದು ಕಲ್ಲು ಎಸೆದಿರಲಿಲ್ಲ. ಗಾಜಿನ ಅಂಗಡಿಯವನು ವ್ಯಾಪಾರವಿಲ್ಲದೆ ಬೇಸತ್ತು ಅದೇ ಅಂಗಡಿಯಲ್ಲಿ ಚುರುಮುರಿ ಮಾರಲು ಶುರುಮಾಡಿದ ಎಂದು ಊರವರು ನಗುತ್ತಿದ್ದರು. ಈ ಪುಣ್ಯವೆಲ್ಲ ತಣಿಪೆಟ್ಟಿಗೆಯದು.

ಪೆಟ್ಟಿಗೆಗಿಂತ ಮೊದಲು ಬಂದದ್ದು ಕಂಬ. ಮಾತಿನ ಹಕ್ಕು ಬರೀ ಉಳ್ಳವರ ಸ್ವತ್ತಾಗಬಾರದೆಂದು ಸರ್ಕಾರ ಓಣಿಗೊಂದು ಕಂಬ ನೆಟ್ಟು, ಅದಕ್ಕೊಂದು ಮೈಕು, ಒಂದು ಹಾರ್ನು ಕಟ್ಟಿಸಿತು. ಯಾವ ನಾಗರಿಕನಾದರೂ ಹೆಬ್ಬೆರಳು ಒತ್ತಿ ಮೂರು ನಿಮಿಷ ಮಾತಾಡಿದರೆ ಅದು ಊರಿನ ನಲವತ್ತೆರಡು ಕಂಬಗಳಲ್ಲೂ ಕೇಳಬೇಕು; ಯಾರ ಮಾತನ್ನೂ ಯಾರೂ ತಡೆಯುವಂತಿಲ್ಲ. ಜನ ಅದಕ್ಕೆ ಊರಬಾಯಿ ಎಂದು ಹೆಸರಿಟ್ಟರು. ಮೊದಲ ವರ್ಷ ಕಳೆದುಹೋದ ಎಮ್ಮೆ, ಬಾರದ ನಳದ ನೀರು, ಮಗಳ ಮದುವೆ ಎಂದು ಊರಬಾಯಿ ಒಳ್ಳೆಯದನ್ನೇ ಆಡಿತು. ಎರಡನೆಯ ವರ್ಷ ಒಬ್ಬ ಬೈದ, ಇನ್ನೊಬ್ಬ ತಿರುಗಿ ಬೈದ, ಮೂರನೆಯವನು ಕಲ್ಲು ತೂರಿದ. ಮೂರು ದಿನಗಳಲ್ಲಿ ನಾಲ್ಕು ಹೆಣ ಬಿದ್ದವು. ಕಂಬ ಕಿತ್ತರೆ ಜನರ ಬಾಯಿ ಹೊಲಿದ ಹಾಗೆ, ಬಿಟ್ಟರೆ ಊರು ಸುಟ್ಟ ಹಾಗೆ. ಅತ್ತ ದರಿ ಇತ್ತ ಪುಲಿ ಎಂದು ಸರ್ಕಾರ ಕೈ ಹಿಸುಕಿಕೊಳ್ಳುತ್ತಿದ್ದಾಗ ಬೆಂಗಳೂರಿನ ಧ್ವನಿವಿಜ್ಞಾನಿ ಡಾಕ್ಟರ್ ಚಂದ್ರಪ್ರಭಾ ಒಂದು ದಾರಿ ತೋರಿಸಿದರು. ಮಾತನ್ನು ತಡೆಯಬೇಡಿ, ತಡಮಾಡಿ ಎಂದರು.

ಯಂತ್ರ ಅರ್ಥವಾಗದಷ್ಟು ಕಠಿಣವಾದದ್ದೇನಲ್ಲ. ಕಂಬದಲ್ಲಿ ಆಡಿದ ಮಾತು ಮೊದಲು ತಾಲೂಕು ಕಚೇರಿಯ ಮೇಲಂತಸ್ತಿನಲ್ಲಿರುವ ಪೆಟ್ಟಿಗೆಗೆ ಬರುತ್ತದೆ. ಉಸಿರು ಎಷ್ಟು ಏರಿದೆ, ದನಿ ಎಷ್ಟು ನಡುಗಿದೆ, ಬೈಗುಳ ಎಷ್ಟಿವೆ, ಶಾಪ ಎಷ್ಟಿವೆ ಎಂದು ಅಳೆದು ಪೆಟ್ಟಿಗೆ ಅದಕ್ಕೆ ಸೊನ್ನೆಯಿಂದ ನೂರರವರೆಗೆ ಒಂದು ಅಂಕಿ ಕೊಡುತ್ತದೆ. ಆ ಅಂಕಿಗೆ ಕಾವು ಎಂದು ಹೆಸರು. ಮೂವತ್ತರೊಳಗಿದ್ದರೆ ಮಾತು ಆ ಕ್ಷಣವೇ ಹೊರಗೆ. ಅರವತ್ತಾದರೆ ಒಂದು ಗಂಟೆ ತಡ. ತೊಂಬತ್ತು ದಾಟಿದರೆ ಎಂಟು ಗಂಟೆ. ಒಂದಕ್ಷರವೂ ಕತ್ತರಿಸುವುದಿಲ್ಲ, ಆಡಿದ್ದು ಆಡಿದ ಹಾಗೆಯೇ ಹೊರಬರುತ್ತದೆ. ಅಷ್ಟರಲ್ಲಿ ಆಡಿದವನೂ ತಣ್ಣಗಾಗಿರುತ್ತಾನೆ, ಕೇಳುವವನೂ ಊಟ ಮಾಡಿ ಮಲಗಿರುತ್ತಾನೆ.

ಜನ ಹೊಂದಿಕೊಂಡರು. ಬೆಳಿಗ್ಗೆ ಗಂಡನಿಗೆ ಕಂಬದಲ್ಲಿ ಉಗಿದ ಹೆಂಡತಿ ಮಧ್ಯಾಹ್ನ ಅವನ ಜೊತೆಗೇ ಊಟಕ್ಕೆ ಕೂತಾಗ ತನ್ನ ಬೈಗುಳ ತಾನೇ ಕೇಳಿ ನಾಚಿಕೊಳ್ಳುತ್ತಿದ್ದಳು. ಚುನಾವಣೆಗೆ ನಿಂತವರು ಆಕಳಿಸುತ್ತ ಭಾಷಣ ಮಾಡುವುದನ್ನು ಕಲಿತರು. ಮೇಲಿನ ಓಣಿಯ ನಿವೃತ್ತ ಶಿಕ್ಷಕ ಅರವಿಂದ ಮಾಸ್ತರ ತಣ್ಣಗೆ ಮಾತಾಡುವುದು ಹೇಗೆಂದು ಒಂದು ಕ್ಲಾಸನ್ನೇ ತೆರೆದಿದ್ದರು. ಅವರ ಮಾತಿನ ಕಾವು ಹದಿನೈದು ದಾಟಿದ್ದನ್ನು ಪೆಟ್ಟಿಗೆ ಕಂಡೇ ಇರಲಿಲ್ಲ.

ಈ ಪೆಟ್ಟಿಗೆಯನ್ನು ಕಾಯುವ ಶಮನಾಧಿಕಾರಿ ಮಾದೇವಿ ಹಾದಿಮನಿ. ಹಿಂದೆ ಬಿದ್ದ ನಾಲ್ಕು ಹೆಣಗಳಲ್ಲಿ ಒಂದು ಅವಳ ಅಪ್ಪನದು. ಆದ್ದರಿಂದ ಪೆಟ್ಟಿಗೆಯೆಂದರೆ ಅವಳಿಗೆ ಬರೀ ನೌಕರಿಯಾಗಿರಲಿಲ್ಲ. ದಿನಾ ಕೆಲಸಕ್ಕೆ ಬಂದವಳೇ ಅದರ ಮೇಲಿನ ಧೂಳನ್ನು ಸೆರಗಿನಿಂದಲೇ ಒರೆಸುತ್ತಿದ್ದಳು. ಅವಳ ಅವ್ವ ಫಕೀರವ್ವನಿಗೆ ಮಾತ್ರ ಆ ಪೆಟ್ಟಿಗೆ ಕಂಡರೆ ಆಗದು.

ಫಕೀರವ್ವ ಕೆಳಗಿನ ಬಣ್ಣಗಾರ ಓಣಿಯವಳು. ಮೇಲಿನ ಓಣಿಯವರು ನೇಯುವ ನೂಲಿಗೆ ಬಣ್ಣ ಹಾಕುವುದು ಆ ಓಣಿಯ ಕಸುಬು. ಬಣ್ಣದ ಕೆಲಸದ ಜೊತೆಗೆ ಅವಳು ನಲವತ್ತು ವರ್ಷ ದಪ್ಪು ಹಿಡಿದು ಲಾವಣಿ ಹಾಡಿದವಳು. ಹಿರೇಬಾವಿಯೆಂದರೆ ಸವಾಲ್-ಜವಾಬಿನ ಊರು. ಒಂದು ಮೇಳ ಹಾಡಿನಲ್ಲಿ ಸವಾಲು ಹಾಕುತ್ತದೆ, ಎದುರು ಮೇಳ ಅಲ್ಲೇ ಜವಾಬು ಕಟ್ಟಿ ಹಾಡಬೇಕು. ದಪ್ಪು ಮೂರು ಸುತ್ತು ಬಡಿಯುವುದರೊಳಗೆ ಜವಾಬು ಬರದಿದ್ದರೆ ಸವಾಲು ನಿಜ ಎಂದು ಒಪ್ಪಿಕೊಂಡ ಹಾಗೆ. ಜವಾಬನ್ನು ಸವಾಲು ಹಾಕಿಸಿಕೊಂಡವರೇ ಕೊಡಬೇಕು, ಮಧ್ಯಸ್ಥರು ಬಾಯಿ ಹಾಕುವಂತಿಲ್ಲ. ಈ ರೂಢಿ ಪಂದ್ಯದ ಪೆಂಡಾಲಿನಲ್ಲಷ್ಟೇ ಉಳಿದಿರಲಿಲ್ಲ. ಸಂತೆಯ ಜಗಳದಿಂದ ಬೀಗರ ಮುನಿಸಿನವರೆಗೆ ಊರು ನಡೆಯುತ್ತಿದ್ದದ್ದೇ ಹೀಗೆ. ಕಳೆದ ವರ್ಷ ಕಂಬದ ಮೇಲೆ ಪಂದ್ಯ ಇಟ್ಟಿದ್ದರು. ಎದುರು ಮೇಳದ ಸವಾಲು ಹತ್ತೂವರೆಗೆ ಕೇಳಿತು, ಫಕೀರವ್ವನ ಜವಾಬು ಮಧ್ಯಾಹ್ನ ಮೂರಕ್ಕೆ ಹೊರಬಿತ್ತು. ಅಷ್ಟೊತ್ತಿಗೆ ಎದುರು ಮೇಳದವರು ಗೆದ್ದ ಪಟಗವನ್ನು ತಲೆಗೆ ಸುತ್ತಿಕೊಂಡು ಬಸ್ಸು ಹತ್ತಿದ್ದರು.

ಅವತ್ತಿನಿಂದ ಮುಂಜಾನೆ ರೊಟ್ಟಿ ಬಡಿಯುವಾಗಲೆಲ್ಲ ಅವಳದು ಇದೇ ಮಾತು.

"ಬಿಸಿ ರೊಟ್ಟಿ ಬಿಸಿ ಇದ್ದಾಗ ತಿನ್ನಬೇಕು. ಎಂಟು ತಾಸು ಬಿಟ್ಟು ಕೊಟ್ರ ಅದು ಹಪ್ಪಳ ಆಗತೈತಿ. ನಿನ್ನ ಪೆಟ್ಟಗಿ ನಮ್ಮ ಮಾತಿಗೆ ಮಾಡೂದು ಅದನ್ನ."

"ಅಪ್ಪನ್ನ ಕೊಂದಿದ್ದು ಬಿಸಿ ಮಾತs ಅಲ್ಲೇನವ್ವ?"

"ನಿಮ್ಮಪ್ಪನ್ನ ಕೊಂದಿದ್ದು ಕಲ್ಲು," ಎಂದು ಫಕೀರವ್ವ ರೊಟ್ಟಿ ಮಗುಚಿ ಹಾಕುವಳು. "ತಿನ್ನು, ಹೊತ್ತಾತು."

ಆ ಗುರುವಾರವೂ ಮಾದೇವಿ ಇದನ್ನೇ ಕೇಳಿಸಿಕೊಂಡು ಕಚೇರಿಗೆ ಬಂದಳು. ಒಂಬತ್ತು ಗಂಟೆಗೆ ಆಸ್ಪತ್ರೆಯಿಂದ ಸುದ್ದಿ ಬಂತು. ಮೇಲಿನ ಓಣಿಯ ಹದಿನಾಲ್ಕು ಮಕ್ಕಳಿಗೆ ವಾಂತಿ-ಭೇದಿ, ಇಬ್ಬರ ಸ್ಥಿತಿ ಗಂಭೀರ, ಕುಡಿಯುವ ನೀರಿನ ಮೇಲೆ ಸಂಶಯ. ಒಂಬತ್ತೂ ಹತ್ತಕ್ಕೆ ಅರವಿಂದ ಮಾಸ್ತರ ಮೂರನೇ ಕಂಬದ ಮುಂದೆ ನಿಂತರು.

"ಬಂಧುಗಳೇ, ನಾನು ಯಾರನ್ನೂ ದೂರುವುದಿಲ್ಲ. ದಯವಿಟ್ಟು ಎಲ್ಲರೂ ಶಾಂತರಾಗಿರಬೇಕು. ನನ್ನದು ಒಂದೇ ಒಂದು ಸವಾಲು. ನಿನ್ನೆ ಸಂಜೆ ನೀರಿನ ಟಾಕಿಯ ಹತ್ತಿರ ಬಣ್ಣಗಾರ ಓಣಿಯವರು ಐದು ಮಂದಿ ಇದ್ದರು. ಅವರಿಗೆ ಅಲ್ಲಿ ಏನು ಕೆಲಸವಿತ್ತು? ಬಣ್ಣದಲ್ಲಿ ಏನೇನು ವಿಷ ಇರುತ್ತದೆಂದು ನಿಮಗೆಲ್ಲ ಗೊತ್ತಿದೆ. ಜವಾಬು ಕೊಟ್ಟರೆ ಸಾಕು."

ಕಾವು ಹನ್ನೊಂದು. ಪೆಟ್ಟಿಗೆ ಹಸಿರು ದೀಪ ತೋರಿಸಿತು. ನಲವತ್ತೆರಡು ಕಂಬಗಳೂ ಆ ಸವಾಲನ್ನು ಒಮ್ಮೆಗೇ ಊರಿಗೆ ಕೇಳಿಸಿದವು.

ಎರಡೇ ನಿಮಿಷದಲ್ಲಿ ಬಣ್ಣಗಾರ ಓಣಿಯ ಹದಿನೇಳನೇ ಕಂಬದಿಂದ ಮಾತುಗಳು ಒಂದರ ಹಿಂದೊಂದು ಬರತೊಡಗಿದವು. ಎಪ್ಪತ್ತೆಂಟು. ಎಂಬತ್ತನಾಲ್ಕು. ತೊಂಬತ್ತು. ಒಂದೊಂದಕ್ಕೂ ಕೆಂಪು ದೀಪ ಹತ್ತಿತು, ಒಂದೊಂದೂ ಪೆಟ್ಟಿಗೆಯೊಳಗೆ ಹೋಗಿ ಕೂತಿತು. ಎಲ್ಲಕ್ಕಿಂತ ಮುಂದೆ ತೊಂಬತ್ಮೂರು ಕಾವಿನ ಒಂದು ಮಾತಿತ್ತು. ಬಿಡುಗಡೆಯ ವೇಳೆ ಸಂಜೆ ಐದೂ ಹನ್ನೆರಡು. ಆಡಿದವರ ಹೆಸರು ಫಕೀರವ್ವ ಹಾದಿಮನಿ.

ಊರೆಲ್ಲ ಕಂಬಗಳ ಕೆಳಗೆ ನಿಂತು ಕಿವಿಗೊಟ್ಟು ಕಾಯಿತು. ಒಂದು ಸುತ್ತಾಯಿತು, ಎರಡಾಯಿತು, ಮೂರಾಯಿತು. ಕೆಳಗಿನ ಓಣಿಯಿಂದ ಒಂದು ದನಿಯೂ ಬರಲಿಲ್ಲ. ಯಾರೂ ಬಾಯಿಬಿಟ್ಟು ಹೇಳದಿದ್ದರೂ ಹಿರೇಬಾವಿಯ ಮಟ್ಟಿಗೆ ತೀರ್ಪು ಆಗಿಹೋಯಿತು. ಇಪ್ಪತ್ತು ನಿಮಿಷದಲ್ಲಿ ಮೇಲಿನ ಚೌಕದಲ್ಲಿ ಇನ್ನೂರು ಜನ ಸೇರಿದ್ದನ್ನು ಮಾದೇವಿ ಕಂಬದ ಕ್ಯಾಮೆರಾದ ಪರದೆಯಲ್ಲಿ ನೋಡಿದಳು. ಕೆಲವರ ಕೈಯಲ್ಲಿ ಮಗ್ಗದ ಮರದ ತುಂಡುಗಳಿದ್ದವು, ಒಬ್ಬನ ಕೈಯಲ್ಲಿ ಸೀಮೆಎಣ್ಣೆಯ ಡಬ್ಬಿ.

ಇನ್ನೂ ಒಂದು ಅನಾಹುತ ಆಗಿತ್ತು. ಕಾವು ಎಲ್ಲಿ ಹೆಚ್ಚೋ ಅಲ್ಲಿಗೆ ಶಾಂತಿದಳ ಹೋಗಬೇಕೆಂಬುದು ನಿಯಮ. ಪೆಟ್ಟಿಗೆಯ ಅಂಕಿ ನೋಡಿ ದಳದವರು ಬಣ್ಣಗಾರ ಓಣಿಯ ಅಗಸಿಬಾಗಿಲಿಗೆ ಬಂದು, ಓಣಿಯವರು ಹೊರಬರದಂತೆ ಅವರ ಕಡೆ ಮುಖ ಮಾಡಿ ಸಾಲಾಗಿ ನಿಂತಿದ್ದರು. ಬರುತ್ತಿದ್ದ ಗುಂಪಿಗೆ ಅವರ ಬೆನ್ನಿತ್ತು.

"ಅಮ್ಮಾರ, ಇದು ಬರೋಬ್ಬರಿ ಕಾಣವಲ್ದು," ಎಂದ ಇಮಾಮಸಾಬ. ಪೆಟ್ಟಿಗೆಯ ಮೆಕ್ಯಾನಿಕ್ ಅವನು.

ಮಾದೇವಿ ಸರ್ಕಾರಿ ಪ್ರಕಟಣೆ ಹಾಕಿಸಿದಳು. ನಾಗರಿಕರು ವದಂತಿಗಳಿಗೆ ಕಿವಿಗೊಡಬಾರದು ಎಂದು ಕಂಬಗಳು ಇಂಪಾಗಿ ನುಡಿದವು. ಚೌಕದ ಜನ ನಕ್ಕರು. ಸವಾಲು ಕೇಳಿದ್ದು ಬಣ್ಣಗಾರರನ್ನು, ನಡುವೆ ಈ ಸರ್ಕಾರ ಯಾರು? ಗುಂಪು ಇಳಿಜಾರಿನ ಕಡೆ ಹೊರಟಿತು.

ಆಗ ಅವಳು ಆರು ವರ್ಷಗಳಲ್ಲಿ ಒಮ್ಮೆಯೂ ಮಾಡದ ಒಂದು ಕೆಲಸ ಮಾಡಿದಳು. ಪೆಟ್ಟಿಗೆಯಲ್ಲಿ ತಡೆದಿಟ್ಟ ಮಾತನ್ನು ಕೇಳುವ ಅಧಿಕಾರ ಅವಳಿಗಿತ್ತು. ಆದರೆ ಅಂಕಿಯೇ ಎಲ್ಲ ಹೇಳುವಾಗ ಕೇಳುವ ಗೊಡವೆಗೆ ಯಾರು ಹೋಗುತ್ತಾರೆ? ಅವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅವ್ವನ ಮಾತು ಕೇಳಿದಳು. ಕೂಡಲೇ ಬೆಂಗಳೂರಿಗೆ ಫೋನು ಹಚ್ಚಿದಳು.

ಈಗ ಪೆಟ್ಟಿಗೆಗಳ ಇಲಾಖೆಗೇ ಮುಖ್ಯಸ್ಥೆಯಾಗಿದ್ದ ಚಂದ್ರಪ್ರಭಾ ಅವರು ಪೂರ್ತಿ ಕೇಳಿಸಿಕೊಂಡರು. ಒರಟು ಹೆಂಗಸಲ್ಲ, ಯೋಚಿಸಿ ಮಾತಾಡುವವರು. "ನೋಡಿ ಮಾದೇವಿ, ಸಿಟ್ಟಾಗಿರೋ ಗುಂಪಿಗೆ ತೊಂಬತ್ಮೂರರ ಕಾವಿನ ಮಾತು ಕೇಳಿಸೋದು ಅಂದ್ರೆ ಬೆಂಕಿಗೆ ತುಪ್ಪ ಸುರಿದ ಹಾಗೆ. ನೀವೇ ಟ್ರೇನಿಂಗ್‌ನಲ್ಲಿ ಓದಿದ್ದೀರಲ್ಲ."

"ಮೇಡಮ್, ನಮ್ಮೂರಾಗ ಬೈಗುಳಕ್ಕ ಯಾರೂ ಸಿಟ್ಟಾಗೂದಿಲ್ರಿ. ಜವಾಬು ಬರಲಿಲ್ಲ ಅಂದ್ರ ಸಿಟ್ಟಾಗ್ತಾರ. ಹೊರಗ ನಿಂತಿರೋರಿಗೆ ಇವರು ಬಾಯಿ ಮುಚ್ಚಿಕೊಂಡು ಕುಂತಾರ ಅಂತ ಕಾಣತೈತಿ. ಬಾಯಿ ಮುಚ್ಚಿದ್ದು ನಾವು."

"ಮಾತಾಡಿರೋದು ನಿಮ್ಮ ತಾಯಿ ಅಲ್ವಾ?"

"ಹೌದ್ರಿ."

"ಹಾಗಿದ್ರೆ ನೀವು ನಿರ್ಧಾರ ಮಾಡೋ ಹಾಗೇ ಇಲ್ಲ. ಪಕ್ಕದ ಜಿಲ್ಲೆಯಿಂದ ದಳ ಕಳಿಸ್ತಿದ್ದೀನಿ. ಒಂದು ಗಂಟೆ ಹೇಗಾದ್ರೂ ತಳ್ಳಿ. ನನ್ನ ಒಪ್ಪಿಗೆ ಇಲ್ಲದೆ ತಡೆ ತೆಗೆಯೋ ಸ್ವಿಚ್ಚಿನ ಸೀಲು ಮುಟ್ಟಬೇಡಿ, ಜೈಲಾಗುತ್ತೆ."

ಫೋನು ಇಟ್ಟು ಅವಳು ಪರದೆ ನೋಡಿದಳು. ಗುಂಪು ಅಗಸಿಯಿಂದ ಕೂಗಳತೆಯ ದೂರದಲ್ಲಿತ್ತು. ಒಣಹಾಕಿದ ನೂಲಿನ ಲಡಿಗಳಿಗೆ ಯಾರೋ ಬೆಂಕಿ ಇಟ್ಟಿದ್ದರು. ಅವಳಿಗೆ ಹೆದರಿಕೆಯಾಯಿತು. ತಾನು ತಪ್ಪಿದರೆ ಅಪ್ಪನ ಹಾಗೆ ಇನ್ನೆಷ್ಟು ಹೆಣ ಬೀಳುತ್ತವೋ, ಅವಕ್ಕೆಲ್ಲ ತಾನೇ ಹೊಣೆ. ಆದರೆ ಸುಮ್ಮನೆ ಕೂತರೂ ಹೊಣೆ ತಪ್ಪುವುದಿಲ್ಲ ಎಂಬುದು ಈಗ ಅವಳಿಗೆ ಹಗಲಿನಷ್ಟು ಸ್ಪಷ್ಟವಾಗಿತ್ತು.

"ಇಮಾಮಸಾಬ, ಸ್ಪ್ಯಾನರ್ ಕೊಡ್ರಿ."

"ನನಗ ರಿಟೈರ್ಡ್ ಆಗಾಕ ಎಂಟು ತಿಂಗಳೈತ್ರಿ ಅಮ್ಮಾರ," ಎಂದ ಇಮಾಮಸಾಬ. ಆಮೇಲೆ ಸ್ಪ್ಯಾನರ್ ಅವಳಿಗೆ ಕೊಡದೆ ತಾನೇ ಬಗ್ಗಿ ಸೀಲಿನ ಬೋಲ್ಟು ಬಿಚ್ಚಿದ. "ನಿಮ್ಮ ಕೈಗೆ ಇದು ಬರೂದಿಲ್ಲ ಬಿಡ್ರಿ. ಸ್ವಿಚ್ ಮಾತ್ರ ನೀವು ಹಾಕ್ರಿ."

ಮಾದೇವಿ ಸ್ವಿಚ್ ಹಾಕಿದಳು. ಮೂರನೇ ಕಂಬಕ್ಕೂ ಹದಿನೇಳನೇ ಕಂಬಕ್ಕೂ ಇದ್ದ ತಡೆಯನ್ನು ಸೊನ್ನೆ ಮಾಡಿ, ಫಕೀರವ್ವನ ಮಾತನ್ನು ಹೊರಗೆ ಬಿಟ್ಟಳು. ನಲವತ್ತೆರಡು ಕಂಬಗಳು ಒಟ್ಟಿಗೆ ಗುಡುಗಿದವು.

"ಏ ಮಾಸ್ತರ! ನಿನ್ನ ನಾಲಿಗಿಗೆ ಹುಳ ಬೀಳಲಿ! ಯಾವ ಬಾಯಿಲೆ ಕೇಳ್ತಿ ಇದನ್ನ? ನಮ್ಮ ಓಣ್ಯಾಗ ಒಂಬತ್ತು ಕೂಸು ವಾಂತಿ ಮಾಡಾಕತ್ಯಾವು, ನನ್ನ ತಂಗೀ ಮೊಮ್ಮಗಳು ಕಣ್ಣು ತೇಲಸಾಕತ್ತಾಳ, ಅಕೀಗೂ ನಾವs ವಿಷ ಹಾಕಿದ್ವೇನೋ? ನಿನ್ನೆ ಟಾಕಿಗೆ ಹೋಗಿದ್ದು ನಾನs. ನೀರು ನಾರತೈತಿ, ಟಾಕಿ ತೆಗೀರಿ ಅಂತ ಹೇಳಾಕ ಐದು ಮಂದಿ ಹೋಗಿದ್ವಿ. ಕಾವಲ್ಯಾ ಕೀಲಿ ಇಲ್ಲ ಅಂತ ವಾಪಸ್ ಕಳಸಿದ. ಹೋಗ್ರಿ, ಅವನ್ನ ಕೇಳ್ರಿ! ನಿಮ್ಮ ಮನಿ ಹಾಳಾಗಲಿ, ಕೇಳಲಾರದs ನಮ್ಮ ಮ್ಯಾಲ ಗೂಬಿ ಕೂಡಸ್ತೀರೇನು?"

ಮಾದೇವಿ ಪರದೆ ನೋಡುತ್ತಿದ್ದಳು. ಗುಂಪು ನಿಂತಿತ್ತು. ಜವಾಬು ಬಂದಾಗ ನಿಂತು ಕೇಳಬೇಕೆಂಬುದು ಆ ಕಾಲುಗಳಿಗೆ ಹುಟ್ಟಿನಿಂದಲೇ ಗೊತ್ತಿತ್ತು. ಸೀಮೆಎಣ್ಣೆಯ ಡಬ್ಬಿ ಹಿಡಿದವನು ಅದನ್ನು ನೆಲಕ್ಕಿಟ್ಟು, ಪಕ್ಕದವನಿಗೆ ಏನೋ ಕೇಳಿದ. ಕೆಳಗಿನ ಓಣಿಯ ಮಕ್ಕಳಿಗೂ ಹಾಗೆಯೇ ಆಗಿದೆಯಂತೆ ಎಂಬ ಮಾತು ಗುಂಪಿನಲ್ಲಿ ಹಿಂದಿನಿಂದ ಮುಂದಕ್ಕೆ ಹರಿಯಿತು.

ಕಂಬ ತೆರೆದಿದೆ ಎಂದು ಫಕೀರವ್ವನಿಗೆ ತಿಳಿಯಲು ತಡವಾಗಲಿಲ್ಲ. ತನ್ನ ದನಿ ತನಗೇ ಕೇಳಿದೊಡನೆ ಅವಳು ದಪ್ಪು ತರಿಸಿ ಮೈಕಿನ ಮುಂದೆ ನಿಂತಳು.

"ನಿನ್ನ ಸವಾಲಿಗೆ ಜವಾಬು ಆತು ಮಾಸ್ತರ. ಈಗ ನನ್ನ ಸವಾಲು. ಟಾಕೀ ಕಮಿಟಿ ಅಧ್ಯಕ್ಷ ಯಾರು? ಕೀಲಿ ಯಾರ ಹತ್ರ ಐತಿ? ಟಾಕಿ ತೊಳಿಸಿ ಎಷ್ಟು ತಿಂಗಳಾತು?"

ಮೊದಲ ಸುತ್ತು ದಪ್ಪು ಬಡಿಯಿತು. ಜನ ಮೇಲೆ ಮೂರನೇ ಕಂಬದ ಬಳಿಯೇ ಉಳಿದಿದ್ದ ಅರವಿಂದ ಮಾಸ್ತರರ ಕಡೆ ತಿರುಗಿದರು. ಎರಡನೆಯ ಸುತ್ತು. ಮಾಸ್ತರರು ಮೈಕಿನ ಹತ್ತಿರ ಬಂದು, "ಇದು ವಿಷಯಾಂತರ, ನಾವು ಸಮಾಧಾನದಿಂದ..." ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು. ಮೂರನೆಯ ಸುತ್ತು ಶುರುವಾದಾಗ ಅವರ ದನಿ ಒಡೆಯಿತು. "ಅಧ್ಯಕ್ಷ ನಾನs! ಕೀಲಿ ನನ್ನ ಕಡೆ ಐತಿ! ಏಳು ತಿಂಗಳಾತು! ಮುಚ್ಚಳ ಒಡದಿದ್ದು ನನಗೇನು ಗೊತ್ತು?" ಪೆಟ್ಟಿಗೆಯ ಅಂಕಿ ಎಂಬತ್ತೆಂಟಕ್ಕೆ ಏರಿತು. ಅವರ ಮಾತನ್ನೂ ಮಾದೇವಿ ತಡೆಯಲಿಲ್ಲ.

ಗುಂಪು ಚದುರಿತು ಎಂದರೆ ಸುಳ್ಳಾಗುತ್ತದೆ, ತಿರುಗಿತು. ಅರ್ಧ ಜನ ಟಾಕಿಯ ಕಡೆ ಓಡಿದರು, ಉಳಿದವರು ಬಣ್ಣಗಾರರ ಜೊತೆ ಸೇರಿ ಉರಿಯುತ್ತಿದ್ದ ನೂಲಿಗೆ ನೀರು ಹಾಕಿದರು. ಟಾಕಿಯಲ್ಲಿ ಮೂರು ಸತ್ತ ಪಾರಿವಾಳ ಸಿಕ್ಕವು. ಮಧ್ಯಾಹ್ನದ ಹೊತ್ತಿಗೆ ಟ್ಯಾಂಕರ್ ಬಂತು, ಸಂಜೆಯ ಹೊತ್ತಿಗೆ ಎರಡೂ ಓಣಿಯ ಮಕ್ಕಳು ಕಣ್ಣು ಬಿಟ್ಟರು.

ಮಾದೇವಿ ಮನೆಗೆ ಬಂದಾಗ ಫಕೀರವ್ವನ ಹಣೆಗೆ ಬಟ್ಟೆ ಕಟ್ಟಿತ್ತು. ಕಂಬದ ಬಳಿ ನಿಂತು ತನ್ನ ಮಾತು ಹೊರಬರಲಿ ಎಂದು ಕಾಯುತ್ತಿದ್ದಾಗ ಬಿದ್ದ ಕಲ್ಲಿನ ಪೆಟ್ಟು ಅದು.

"ನಲವತ್ತು ನಿಮಿಷ ಯಾಕ ಬೇಕಾತು?" ಎಂದು ಕೇಳಿದಳು ಅವ್ವ. ದನಿಯಲ್ಲಿ ಸಿಟ್ಟಿರಲಿಲ್ಲ.

"ನಾನು ನಂಬರ್ ನೋಡಿದ್ನವ್ವ. ನಿನ್ನ ಮಾತು ಕೇಳಲಿಲ್ಲ. ತಪ್ಪಾತು," ಎಂದು ಮಾದೇವಿ ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟಳು.

ವಾರದ ಮೇಲೆ ಚಂದ್ರಪ್ರಭಾ ಅವರೇ ವಿಚಾರಣೆಗೆ ಬಂದರು. ಒಂದು ಹಾಳೆಯನ್ನು ಮೇಜಿನ ಮೇಲಿಟ್ಟರು. ತಾಯಿಯ ಮೇಲಿನ ಮಮತೆಯಿಂದ ವಿವೇಕ ತಪ್ಪಿ ಸೀಲು ಒಡೆದೆ ಎಂದು ಅದರಲ್ಲಿ ಬರೆದಿತ್ತು.

"ಸಹಿ ಹಾಕಿ. ಕೇಸೂ ಇಲ್ಲ, ಕೆಲಸಾನೂ ಹೋಗಲ್ಲ. ನಿಮ್ಮ ಮೇಲೆ ನನಗೆ ದ್ವೇಷ ಇಲ್ಲಮ್ಮ."

"ಹಿಂಗ ಬರದ್ರ ಪೆಟ್ಟಗೀದು ಏನೂ ತಪ್ಪಿಲ್ಲ ಅಂದಂಗಾತಲ್ರಿ. ಇನ್ನೂ ಮೂವತ್ತು ಊರಾಗ ಇದs ಪೆಟ್ಟಗಿ ಐತಿ. ನಾನು ಮಗಳಾಗಿ ಒಡೀಲಿಲ್ಲ ಮೇಡಮ್, ಅಧಿಕಾರಿಯಾಗಿ ಒಡದೀನಿ."

"ಸರಿ, ಒಂದು ಮಾತು ಹೇಳಿ. ನಾಳೆ ನಿಜವಾಗ್ಲೂ ಬೆಂಕಿ ಹಚ್ಚೋಕೆ ಅಂತಲೇ ಒಬ್ಬ ತೊಂಬತ್ಮೂರರಲ್ಲಿ ಕೂಗಿದ್ರೆ? ಅದನ್ನೂ ಬಿಡ್ತೀರಾ?"

"ಬಿಡೂದಿಲ್ರಿ. ಆದ್ರ ಮೊದಲು ಕೇಳ್ತೀನಿ. ಪೆಟ್ಟಗಿ ಇರಲಿ, ನಮ್ಮಪ್ಪ ಸತ್ತದ್ದನ್ನ ನಾ ಮರೆತಿಲ್ಲ. ಅದರ ಮುಂದ ಕೇಳೋ ಕಿವಿ ಇರೋರನ್ನ ಕೂಡಸ್ರಿ. ಮತ್ತ ಒಬ್ಬರ ಹೆಸರು, ಒಂದು ಓಣಿ ಹೆಸರು ಹಿಡದು ಯಾರs ಸವಾಲು ಹಾಕಿದ್ರ, ಎಷ್ಟs ತಣ್ಣಗಿರಲಿ, ಆ ಸವಾಲು ಪೆಟ್ಟಗ್ಯಾಗ ಕಾಯಲಿ. ಹೆಸರು ಹೇಳಿಸಿಕೊಂಡೋರಿಗೆ ಮೊದಲು ಮುಟ್ಟಲಿ. ಅವರ ಜವಾಬು ತಯಾರಾದ ಮ್ಯಾಲ ಎರಡೂ ಜೋಡೀಲೆ ಹೊರಗ ಬರಲಿ. ತಡಾ ಮಾಡೂದಿದ್ರ ಸವಾಲಿಗೆ ಮಾಡ್ರಿ, ಜವಾಬಿಗೆ ಬ್ಯಾಡ್ರಿ."

ಚಂದ್ರಪ್ರಭಾ ತೊಂಬತ್ಮೂರರ ಆ ಮಾತನ್ನು ಹಾಕಿಸಿ, ಕಣ್ಣು ಮುಚ್ಚಿ, ಮೊದಲ ಬಾರಿಗೆ ಪೂರ್ತಿ ಕೇಳಿದರು. ಆಮೇಲೆ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. "ಕಾಯ್ದೆ ಕಾಯ್ದೆಯೇ. ನಿಮ್ಮನ್ನ ತೆಗೀಲೇಬೇಕಾಗುತ್ತೆ," ಎಂದರು.

"ತೆಗೀರಿ," ಎಂದಳು ಮಾದೇವಿ.

ಕೆಲಸ ಹೋಯಿತು. ಹಿರೇಬಾವಿಗೂ ಆ ಮೂವತ್ತು ಊರುಗಳಿಗೂ ಸವಾಲು-ಜವಾಬಿನ ಜೋಡಿ ನಿಯಮ ಬರಲು ವರ್ಷ ಹಿಡಿಯಿತು. ಆದೇಶದಲ್ಲಿ ಮಾದೇವಿಯ ಹೆಸರಿರಲಿಲ್ಲ. ಅವಳು ಇಮಾಮಸಾಬನ ಜೊತೆ ಸೇರಿ ಬಸ್‌ಸ್ಟ್ಯಾಂಡಿನ ಎದುರು ಮೈಕು-ರೇಡಿಯೊ ರಿಪೇರಿಯ ಅಂಗಡಿ ಹಾಕಿಕೊಂಡು ಆರಾಮವಾಗಿದ್ದಳು.

ನಿಯಮ ಜಾರಿಯಾದ ಮೂರನೆಯ ದಿನ ಫಕೀರವ್ವ ಅಂಗಡಿಗೆ ಧಾವಿಸಿ ಬಂದಳು. ಮುಖ ಕೆಂಡವಾಗಿತ್ತು.

"ಇನ್ನೂ ಕಮಿಟಿ ಅಧ್ಯಕ್ಷ ಆಗೇ ಕುಂತಿರೋ ಅರವಿಂದ ಮಾಸ್ತರ ಟಾಕೀ ತೊಳಸೂ ಕೆಲಸಾನ ತನ್ನ ಅಳಿಯಗ ಕೊಟ್ಟಾನಂತ. ಕಂಬದಾಗ ಹೇಳಿ ಬಂದೀನಿ, ನನ್ನ ಮಾತು ಹೊರಗs ಬರವಲ್ದು! ಅಂವ ಜವಾಬು ಕೊಡೂತನಕ ಕಾಯಬೇಕಂತ. ಯಾರು ಮಾಡಿದ್ದು ಈ ಕಾನೂನು?"

"ನಾನs ಹೇಳಿದ್ದು."

"ಅದು ನಿನ್ನ ಅವ್ವಗೂ ಐತೇನು?"

"ಐತವ್ವ."

"ಅಂವಗೂ? ಆ ಮಾಸ್ತರಗೂ?"

"ಅವರಿಗೂ ಐತಿ. ಅವರ ಜವಾಬಿಗೆ ತಡಾ ಇಲ್ಲ."

ಫಕೀರವ್ವ ಬಿರಬಿರನೆ ನಡೆದು ಹೋಗಿ ಹದಿನೇಳನೇ ಕಂಬದ ಕಟ್ಟೆಯ ಮೇಲೆ ಕೂತು, ತನ್ನ ಗಂಡನ ಹೆಣ ಬಿದ್ದ ಊರಿನಲ್ಲಿ, ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ, ತನಗಾಗದವನು ಬಾಯಿ ತೆರೆಯಲಿ ಎಂದು ಕಾಯತೊಡಗಿದಳು.